ಎರಡು ಪಾಠಗಳ ನಡುವಿನ ಆರು ದಿನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಹಾಡುಗಾರಿಕೆಯನ್ನೋ ವಾದ್ಯವನ್ನೋ ಮುಖ್ಯ ವಿಷಯವಾಗಿ ತಗೊಂಡು ವಿಶ್ವವಿದ್ಯಾಲಯದಲ್ಲಿ ಓದುವುದು ಅಂದರೆ ಏನು? ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ನಾನು ಪಿಟೀಲಿನಲ್ಲಿ ಪದವಿ ಮಾಡಿದವಳು. ಆಮೇಲೆ ಇಪ್ಪತ್ತೆರಡು ವರ್ಷ ಅದನ್ನೇ ಕಲಿಸಿದ್ದೇನೆ. ಪ್ರವೇಶದ ಆಡಿಷನ್‌ಗಳಲ್ಲಿ ಮೇಜಿನ ಆಚೆಗೂ ಕೂತಿದ್ದೇನೆ. ಕೆಲವು ಪತ್ರಗಳಿಗೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ, ಅವಕ್ಕೆ ಅಷ್ಟು ಬೇಕಿತ್ತು.

ಪ್ರಶ್ನೆ: ಮುಂದಿನ ವರ್ಷ ಆಡಿಷನ್ ಕೊಡಬೇಕು. ಎರಡು ಕೃತಿ ತಯಾರಿದೆ. ಒಂದು ತುಂಬಾ ಕಷ್ಟದ್ದು, ಚೆನ್ನಾಗಿ ಬಂದ ದಿನ ಕೇಳಿದವರೆಲ್ಲ ಬೆರಗಾಗುತ್ತಾರೆ. ಇನ್ನೊಂದು ಸುಲಭದ್ದು. ಯಾವುದನ್ನು ನುಡಿಸಲಿ?
— ಚೆಲ್ಲೊ ನುಡಿಸುವ ಓದುಗ

ಉತ್ತರ: ಸುಲಭದ್ದನ್ನೇ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಮೇಜಿನ ಆಚೆ ಕೂತವರು ಬೆರಗಾಗಲು ಬಂದಿರುವುದಿಲ್ಲ. ಈ ಹುಡುಗನಿಗೆ ಮೂರು ನಾಲ್ಕು ವರ್ಷ ಕಲಿಸಬಹುದಾ, ಕಲಿಸಿದರೆ ಬೆಳೆಯುತ್ತಾನಾ ಅಂತ ನೋಡುತ್ತಿರುತ್ತಾರೆ. ಶ್ರುತಿ ನಿಂತಿದೆಯಾ? ಲಯ ಒಳಗಿನಿಂದ ಬರುತ್ತಿದೆಯಾ? ತಪ್ಪಾದಾಗ ಅದು ಅವನ ಕಿವಿಗೂ ಬಿತ್ತಾ? ಇಷ್ಟು ಮೊದಲ ಒಂದು ನಿಮಿಷದಲ್ಲೇ ತಿಳಿಯುತ್ತದೆ. ನಾನು ನನ್ನ ಹಾಳೆಯಲ್ಲಿ ಕಷ್ಟದ ಜಾಗದ ಬಗ್ಗೆ ಬರೆದದ್ದು ಕಮ್ಮಿ. ಎರಡು ಸಾಲುಗಳ ನಡುವೆ ಉಸಿರಿತ್ತಾ ಅನ್ನುವುದನ್ನೇ ಜಾಸ್ತಿ ಬರೆದಿದ್ದೇನೆ.

ಬಾಕ್‌ನ ಆರು ಚೆಲ್ಲೊ ಸೂಟ್‌ಗಳಲ್ಲಿ ಮೊದಲನೆಯದರ ಪ್ರೆಲ್ಯೂಡ್, ಅಂದರೆ ಶುರುವಿನ ಭಾಗ, ನಿಮಗೆ ಗೊತ್ತೇ ಇರುತ್ತದೆ. ಬೆರಳಿಗೆ ಅಂಥ ಕಷ್ಟವಿಲ್ಲ, ಎಷ್ಟೋ ಮಕ್ಕಳು ನುಡಿಸುತ್ತಾರೆ. ಆದರೆ ಜೊತೆಗೆ ಪಿಯಾನೊ ಇಲ್ಲ. ಒಂದೇ ಅಳತೆಯ ಸ್ವರಗಳು ಸಾಲಾಗಿ ಹರಿಯುತ್ತವೆ. ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಇಲ್ಲ. ಅದನ್ನು ಮನಸ್ಸಿಟ್ಟು ನುಡಿಸಿದ ಮಕ್ಕಳನ್ನು ನಾವು ಕಣ್ಣು ಮುಚ್ಚಿ ತಗೊಂಡಿದ್ದೇವೆ.

ಕೃತಿ ಸಿದ್ಧವಾಯಿತಾ ಅಂತ ನೋಡಲು ನಿಮ್ಮ ಒಳ್ಳೆಯ ದಿನವನ್ನು ಲೆಕ್ಕಕ್ಕೆ ತಗೋಬೇಡಿ. ರಾತ್ರಿ ನಿದ್ದೆ ಕೆಟ್ಟಿದೆ, ಕೈ ತಣ್ಣಗಿದೆ, ಮನಸ್ಸಿಲ್ಲ. ಅಂಥ ಬೆಳಿಗ್ಗೆ ಎದ್ದು, ಶ್ರುತಿ ಮಾಡಿಕೊಂಡು, ಸೀದಾ ಮೊದಲಿನಿಂದ ಕೊನೆವರೆಗೆ ನುಡಿಸಿ ರೆಕಾರ್ಡ್ ಮಾಡಿ. ಆ ರೆಕಾರ್ಡಿಂಗ್ ಕೇಳುವ ಹಾಗಿದ್ದರೆ ಕೃತಿ ಸಿದ್ಧ. ಜೊತೆಗೆ ದಿನಕ್ಕೆ ಹತ್ತು ನಿಮಿಷ, ಯಾವತ್ತೂ ನೋಡದ ಹಾಳೆ ಮುಂದಿಟ್ಟುಕೊಂಡು ನಿಲ್ಲದೆ ನುಡಿಸಿ. ಆಡಿಷನ್‌ನಲ್ಲಿ ಅದನ್ನೂ ಕೇಳುತ್ತಾರೆ. ಅದಕ್ಕೆ ಹಿಂದಿನ ವಾರ ಕೂತು ತಯಾರಾಗಲು ಆಗುವುದಿಲ್ಲ.

ಪ್ರಶ್ನೆ: ಪಿಟೀಲು ವಿಭಾಗಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಆಡಿಷನ್‌ನಲ್ಲಿ ಕಾನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಒಬ್ಬರು ನುಡಿಸುವ ದೊಡ್ಡ ಕೃತಿ) ನುಡಿಸಿ ಸೀಟು ತಗೊಂಡವಳು ನಾನು. ಹೊಸ ಗುರುಗಳು ಎಲ್ಲ ನಿಲ್ಲಿಸಿ, ಖಾಲಿ ತಂತಿಯ ಮೇಲೆ ಕಮಾನು ಎಳೆಯುತ್ತಾ ಇರು ಅಂದಿದ್ದಾರೆ. ಈಗ ಮೊದಲಿಗಿಂತ ಕೆಟ್ಟದಾಗಿ ನುಡಿಸುತ್ತಿದ್ದೇನೆ. ಜೊತೆಯವರೆಲ್ಲ ಮುಂದೆ ಹೋಗುತ್ತಿದ್ದಾರೆ. ಬಿಟ್ಟುಬಿಡಲಾ?
— 19 ವರ್ಷದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಮೊದಲ ವರ್ಷ ಹೀಗೇ ಇತ್ತು.

ನನಗೆ ಏಳು ವಾರ ಖಾಲಿ ತಂತಿ. ಎಡಗೈ ಬೆರಳು ತಂತಿ ಮುಟ್ಟುವ ಹಾಗಿಲ್ಲ. ನನ್ನ ಬಲಗೈ ಹೆಬ್ಬೆರಳು ಕಮಾನಿನ ಬುಡದಲ್ಲಿ ಕೋಲಿನ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಹತ್ತು ವರ್ಷ ಹಾಗೇ ನುಡಿಸಿದ್ದೆ, ಯಾರೂ ಹೇಳಿರಲಿಲ್ಲ. ಹೆಬ್ಬೆರಳು ಬಿಗಿಯಾದರೆ ಮಣಿಕಟ್ಟು ಬಿಗಿ. ಮಣಿಕಟ್ಟು ಬಿಗಿಯಾದರೆ, ಕಮಾನು ಬುಡಕ್ಕೆ ಬಂದು ದಿಕ್ಕು ಬದಲಿಸುವಾಗ ಒಂದು ಸಣ್ಣ ‘ಟಕ್’. ಪ್ರತಿ ಎಳೆತದ ಕೊನೆಗೂ ಆ ಟಕ್ ಇತ್ತು. ವೇಗದ ಕೃತಿಗಳಲ್ಲಿ ಅದು ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು, ಹಾಗಾಗಿ ನನಗೆ ಕೇಳಿಸಿರಲೇ ಇಲ್ಲ. ಗುರುಗಳು ಒಂದು ಮಧ್ಯಾಹ್ನ ಲಯ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಎಳೆತಕ್ಕೆ ಹನ್ನೆರಡು ಎಣಿಕೆ ಅಂದರು. ಆ ನಿಧಾನದಲ್ಲಿ ಟಕ್ ಕೇಳಿಸಿತು. ಒಮ್ಮೆ ಕೇಳಿಸಿದ ಮೇಲೆ ಮತ್ತೆ ಕೇಳಿಸದೆ ಇರಲಿಲ್ಲ. ಆರನೇ ವಾರ ಒಂದು ದಿನ ಜಿ ತಂತಿಯ ಮೇಲೆ ಮಾತ್ರ ಅದು ಮಾಯವಾಯಿತು. ಆ ದನಿ ಇನ್ನೂ ನೆನಪಿದೆ, ಎಲ್ಲಿ ತಿರುಗಿತು ಅಂತಲೇ ತಿಳಿಯದ ಒಂದು ಉದ್ದದ ಗೆರೆ.

ನೀವು ಕೆಟ್ಟದಾಗಿ ನುಡಿಸುತ್ತಿರುವುದು ನಿಜವೇ ಇರಬಹುದು. ಹಳೇ ಅಭ್ಯಾಸ ಮುರಿದಿದೆ, ಹೊಸದು ಇನ್ನೂ ಕೂತಿಲ್ಲ. ತಾನಾಗಿ ನಡೆಯುತ್ತಿದ್ದ ಕೈಯನ್ನು ಈಗ ಪ್ರತಿ ಹೆಜ್ಜೆಗೂ ನೀವೇ ನಡೆಸಬೇಕು. ಆ ಹೊತ್ತಿನಲ್ಲಿ ಸಂಗೀತ ಕುಂಟುತ್ತದೆ. ಅದರ ಜೊತೆಗೇ ಕಿವಿ ಚುರುಕಾಗುತ್ತಿರುತ್ತದೆ. ಮೊದಲು ಕೇಳಿಸದ ತಪ್ಪು ಈಗ ಕೇಳಿಸುತ್ತಿದೆ. ಹಾಗಾಗಿ ಆಗುತ್ತಿರುವುದಕ್ಕಿಂತ ಜಾಸ್ತಿ ಕೆಟ್ಟಿದೆ ಅನ್ನಿಸುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗುರುಗಳ ಹತ್ತಿರ ಹೋಗಿ ಕೇಳಿ, “ಇದರಿಂದ ಏನು ಸರಿಯಾಗಬೇಕು? ಸರಿಯಾದಾಗ ನನಗೆ ಹೇಗೆ ಗೊತ್ತಾಗುತ್ತದೆ?” ಒಳ್ಳೆಯ ಗುರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಕೈ ಹಿಡಿದು ತೋರಿಸುತ್ತಾರೆ, ನುಡಿಸಿ ಕೇಳಿಸುತ್ತಾರೆ. “ಹೇಳಿದಷ್ಟು ಮಾಡು” ಅನ್ನುವುದು ಬಿಟ್ಟು ಬೇರೆ ಉತ್ತರವೇ ಬರದಿದ್ದರೆ, ಅಥವಾ ಪಾಠದ ಕೋಣೆಯಲ್ಲಿ ನಿಮ್ಮನ್ನು ಹೀಯಾಳಿಸುತ್ತಿದ್ದರೆ, ಅದು ಬೇರೆ ಮಾತು. ಆಗ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಗುರು ಬದಲಿಸಲು ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ವಾರಕ್ಕೆ 168 ಗಂಟೆ. ಗುರುಗಳ ಜೊತೆ ಒಬ್ಬರೇ ಕೂರುವ ಪಾಠ ಸಾಮಾನ್ಯವಾಗಿ ಒಂದು ಗಂಟೆ. ಮಿಕ್ಕ ಆರು ದಿನ ಅಭ್ಯಾಸದ ಕೋಣೆಯಲ್ಲಿ ನಿಮ್ಮ ತಪ್ಪು ಹಿಡಿಯುವವರು ಯಾರು? ನೀವೇ. ನಿಮ್ಮ ಗುರುಗಳು ಈಗ ತಯಾರು ಮಾಡುತ್ತಿರುವುದು ಆ ಇನ್ನೊಬ್ಬ ಗುರುವನ್ನು. ನಾಲ್ಕು ತಿಂಗಳಿಗೆ ಬಿಡಬೇಡಿ. ಒಂದು ವರ್ಷ ಕೊಡಿ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಕೆಲವರು ದಿನಕ್ಕೆ ಎಂಟು ಗಂಟೆ ಅಭ್ಯಾಸ ಮಾಡುತ್ತಾರೆ. ನನಗೆ ನಾಲ್ಕರ ಮೇಲೆ ತಲೆ ಓಡುವುದಿಲ್ಲ. ನಾನು ಹಿಂದುಳಿಯುತ್ತೇನಾ?
— ಪಿಯಾನೊ ವಿದ್ಯಾರ್ಥಿ

ಉತ್ತರ: ನಾಲ್ಕು ಗಂಟೆ ನಿಜವಾಗಿ ತಲೆ ಓಡಿದರೆ ನೀವು ಮುಂದಿದ್ದೀರಿ.

1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ದಿನಚರಿ ಬರೆಸಿ ನೋಡಿದ್ದರು. ಪಳಗಲು ಹತ್ತು ಸಾವಿರ ಗಂಟೆ ಬೇಕು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದಲ್ಲ, ಅದರ ಬೇರು ಇಲ್ಲಿದೆ. ಅಲ್ಲಿ ಮುಂದಿದ್ದವರೂ ಒಬ್ಬರೇ ಕೂತು ಮಾಡುತ್ತಿದ್ದ ಅಭ್ಯಾಸ ದಿನಕ್ಕೆ ಸುಮಾರು ಮೂರೂವರೆ ಗಂಟೆ. ಅದನ್ನೂ ತುಂಡು ತುಂಡಾಗಿ, ನಡುವೆ ಬಿಡುವು ಕೊಟ್ಟು ಮಾಡುತ್ತಿದ್ದರು. ಮಧ್ಯಾಹ್ನ ಮಲಗುತ್ತಿದ್ದರು ಕೂಡ. 2019ರಲ್ಲಿ ಬೇರೆ ಸಂಶೋಧಕರು ಅದೇ ಬಗೆಯ ಅಧ್ಯಯನವನ್ನು ಮತ್ತೆ ಮಾಡಿದರು. ತೀರಾ ಮುಂದಿದ್ದವರು, ಅವರ ನಂತರದ ಸಾಲಿನವರಿಗಿಂತ ಜಾಸ್ತಿ ಗಂಟೆ ಕೂತಿರಲಿಲ್ಲ. ಗಂಟೆ ಬೇಕೇ ಬೇಕು. ಆದರೆ ಗಂಟೆ ಒಂದೇ ಎಲ್ಲವನ್ನೂ ಹೇಳುವುದಿಲ್ಲ.

ಒಂದು ಸಣ್ಣ ಕೆಲಸ ಮಾಡಿ ನೋಡಿ. ಕಷ್ಟದ ನಾಲ್ಕು ಬಾರ್ (ಸ್ವರಲಿಪಿಯಲ್ಲಿ ಗೆರೆ ಎಳೆದು ಮಾಡಿದ ಸಣ್ಣ ಭಾಗ) ನುಡಿಸಿ. ನಿಲ್ಲಿಸಿ. ಮತ್ತೆ ಶುರು ಮಾಡುವ ಮೊದಲು ಬಾಯಿಬಿಟ್ಟು ಹೇಳಿ: ಈಗ ಏನು ತಪ್ಪಿತು, ಮುಂದಿನ ಸಲ ಏನು ಬದಲಿಸುತ್ತೇನೆ. ಹೇಳಲು ಮಾತು ಸಿಗದಿದ್ದರೆ ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿದಿದೆ, ಎದ್ದು ಓಡಾಡಿ ಬನ್ನಿ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬ ಇದನ್ನು ಒಂದು ತಿಂಗಳು ಮಾಡಿ, ಆರು ಗಂಟೆಯ ಅಭ್ಯಾಸವನ್ನು ಮೂರಕ್ಕೆ ಇಳಿಸಿದ. ನುಡಿಸುವುದು ಸ್ವಚ್ಛವಾಯಿತು. ಮುಖದಲ್ಲಿ ಗೆಲುವು ಬಂತು.

ಪ್ರಶ್ನೆ: ನಾನು ನುಡಿಸಲು ಸೇರಿದ್ದು. ಥಿಯರಿ, ಹಾರ್ಮನಿ (ಸ್ವರಗಳು ಒಟ್ಟಿಗೆ ಕೂಡುವ ಬಗೆ), ಕಿವಿ ತರಬೇತಿ ಅಂತ ವಾರಕ್ಕೆ ಎಷ್ಟೋ ಹೊತ್ತು ಹೋಗುತ್ತದೆ. ಇದೆಲ್ಲ ಬರೀ ಅಂಕಕ್ಕಾ?
— ಎರಡನೇ ವರ್ಷದ ಪಿಟೀಲು ವಿದ್ಯಾರ್ಥಿ

ಉತ್ತರ: ನೀವು ಪಿಟೀಲಿನವರು, ಹಾಗಾಗಿ ಮಾತಿಗಿಂತ ಪಿಟೀಲಿನಲ್ಲೇ ಉತ್ತರ ಕೊಡುತ್ತೇನೆ. ಈಗಲೇ ಎತ್ತಿಕೊಳ್ಳಿ.

ನಾಲ್ಕು ತಂತಿಯನ್ನೂ ಸರಿಯಾಗಿ ಶ್ರುತಿ ಮಾಡಿ. ಡಿ ತಂತಿಯ ಮೇಲೆ ಮೊದಲ ಬೆರಳಿಟ್ಟು ಇ ಸ್ವರ ಹಿಡಿಯಿರಿ. ಅದನ್ನು ಮೇಲಿನ ಖಾಲಿ ಎ ತಂತಿಯ ಜೊತೆ ಸೇರಿಸಿ ಎಳೆಯಿರಿ. ಎರಡೂ ಸ್ವರ ಒಂದಕ್ಕೊಂದು ಕೂಡಿಕೊಂಡು, ನಡುವಿನ ಅಲೆ ನಿಲ್ಲುವ ತನಕ ಬೆರಳನ್ನು ಕೂದಲೆಳೆಯಷ್ಟು ಸರಿಸಿ. ಸಿಕ್ಕಿತಾ? ಈಗ ಬೆರಳು ಅಲ್ಲಾಡಿಸಬೇಡಿ. ಕಮಾನನ್ನು ಕೆಳಕ್ಕೆ ಹೊರಳಿಸಿ, ಅದೇ ಇ ಸ್ವರವನ್ನು ಖಾಲಿ ಜಿ ತಂತಿಯ ಜೊತೆ ಎಳೆಯಿರಿ.

ಅಪಶ್ರುತಿ! ಬೆರಳು ಅಲ್ಲೇ ಇದೆ, ತಂತಿಯೂ ಸರಿಯಾಗಿದೆ. ಆದರೂ ಸ್ವರ ಮೇಲಾಗಿ ಕೇಳುತ್ತದೆ.

ಇದು ನಿಮ್ಮ ತಪ್ಪಲ್ಲ, ಲೆಕ್ಕದ್ದೇ ಸಂಗತಿ. ಖಾಲಿ ತಂತಿಗಳ ನಡುವೆ ಇರುವುದು ಪಂಚಮದ ಅಂತರ, ಅಂದರೆ ಕಂಪನದ ಲೆಕ್ಕದಲ್ಲಿ 3ಕ್ಕೆ 2. ಜಿ ತಂತಿಯನ್ನು 1 ಅಂತ ಇಟ್ಟುಕೊಂಡರೆ ಎ ತಂತಿ 9/4. ಅದರ ಜೊತೆ ಕೂಡುವ ಇ ಸ್ವರ 27/16. ಆದರೆ ಜಿ ಜೊತೆ ನೇರವಾಗಿ ಕೂಡುವ ಇ ಸ್ವರ 5/3. ಎರಡರ ನಡುವಿನ ವ್ಯತ್ಯಾಸ 81/80, ಅಂದರೆ ಅರ್ಧ ಸ್ವರದ ಸುಮಾರು ಐದನೇ ಒಂದು ಭಾಗ. ಕಿವಿಗೆ ಇದು ದೊಡ್ಡದು. ಒಂದೇ ಹೆಸರು, ಎರಡು ಜಾಗ. ಯಾವುದು ಸರಿ ಅನ್ನುವುದು ಆ ಕ್ಷಣ ಜೊತೆಯಲ್ಲಿ ಯಾವ ಸ್ವರ ಇದೆ, ಹಾರ್ಮನಿ ಎಲ್ಲಿ ಹೋಗುತ್ತಿದೆ ಅನ್ನುವುದರ ಮೇಲೆ ನಿಂತಿದೆ.

ಈಗ ಒಂದು ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ, ಅಂದರೆ ನಾಲ್ಕು ತಂತಿವಾದ್ಯಗಳ ಗುಂಪಿನಲ್ಲಿ, ಕೂತಿದ್ದೀರಿ ಅಂದುಕೊಳ್ಳಿ. ನೀವು ಇ ಹಿಡಿದಿದ್ದೀರಿ, ಕೆಳಗೆ ಚೆಲ್ಲೊ ಸಿ ಹಿಡಿದಿದೆ. ನೀವು ಮೂರನೇ ಸ್ವರ, ಅಂದರೆ ಸ್ವಲ್ಪ ತಗ್ಗಬೇಕು. ಮುಂದಿನ ಬಾರ್‌ನಲ್ಲಿ ಚೆಲ್ಲೊ ಎ ಸ್ವರಕ್ಕೆ ಇಳಿಯಿತು. ಈಗ ನೀವು ಐದನೇ ಸ್ವರ, ಪೂರ್ತಿ ಬೇರೆ ಕೆಲಸ. ಹಾರ್ಮನಿ ತಿಳಿಯದವರು ಇಲ್ಲಿ ಬೆರಳನ್ನು ಸುಮ್ನೆ ಹುಡುಕಾಡಿಸುತ್ತಾರೆ. ತಿಳಿದವರು ಚೆಲ್ಲೊ ಸರಿಯುವ ಮೊದಲೇ ಅಲ್ಲಿಗೆ ಹೋಗಿರುತ್ತಾರೆ.

1843ರಲ್ಲಿ ಮೆಂಡೆಲ್‌ಸನ್ ಲೈಪ್‌ಝಿಗ್‌ನಲ್ಲಿ ಸಂಗೀತ ಶಾಲೆ ಶುರು ಮಾಡಿದಾಗಲೂ ವಾದ್ಯದ ಪಾಠದ ಜೊತೆಗೇ ಹಾರ್ಮನಿ ಪಾಠವಿತ್ತು. ಕೇಳುವುದಕ್ಕೂ ನುಡಿಸುವುದಕ್ಕೂ ನಡುವೆ ಗೋಡೆ ಇಲ್ಲ ಅಂತ ಆಗಲೇ ಗೊತ್ತಿತ್ತು.

ಒಂದು ಮಾತು ಒಪ್ಪುತ್ತೇನೆ. ಈ ಪಾಠಗಳನ್ನು ಎಷ್ಟೋ ಕಡೆ ಒಣಗಿಸಿ ಕಲಿಸುತ್ತಾರೆ. ಕಪ್ಪು ಹಲಗೆ, ರೋಮನ್ ಅಂಕಿ, ಪರೀಕ್ಷೆ. ಹಾಗಿದ್ದರೆ ತರಗತಿಯಲ್ಲಿ ಬರೆದುಕೊಂಡ ಪ್ರತಿ ಉದಾಹರಣೆಯನ್ನೂ ಅವತ್ತೇ ವಾದ್ಯದ ಮೇಲೆ ತನ್ನಿ. ಕೆಳಗಿನ ದನಿಯನ್ನು ಹಾಡುತ್ತಾ ಮೇಲಿನದನ್ನು ನುಡಿಸಿ. ಎರಡು ವಾರದಲ್ಲಿ ಅಂಕಿಗಳಿಗೆ ದನಿ ಬರುತ್ತದೆ.

ಪ್ರಶ್ನೆ: ನನಗೆ 18 ವರ್ಷ, ಸೊಪ್ರಾನೊ (ಎತ್ತರದ ಹೆಣ್ಣು ದನಿ). ದೊಡ್ಡ ಒಪೆರಾಗಳ ಏರಿಯಾ, ಅಂದರೆ ಒಬ್ಬರೇ ಹಾಡುವ ಹಾಡುಗಳನ್ನು, ಹಾಡುವ ಆಸೆ. ಗುರುಗಳು ಸಣ್ಣ ಸಣ್ಣ ಹಾಡುಗಳನ್ನೇ ಕೊಡುತ್ತಾರೆ. ಅದೇ ವಯಸ್ಸಿನ ಪಿಯಾನೊ ಗೆಳತಿ ದೊಡ್ಡ ಕಾನ್ಸರ್ಟೊ ನುಡಿಸುತ್ತಿದ್ದಾಳೆ.
— ಮೊದಲ ವರ್ಷದ ಹಾಡುಗಾರ್ತಿ

ಉತ್ತರ: ಗೆಳತಿಯ ಪಿಯಾನೊ ಪೂರ್ತಿ ಬೆಳೆದು ಬಂದಿದೆ. ನಿಮ್ಮ ವಾದ್ಯ ಇನ್ನೂ ಬೆಳೆಯುತ್ತಿದೆ. ವ್ಯತ್ಯಾಸ ಅಷ್ಟೇ.

ಗಂಟಲಲ್ಲಿ ದನಿ ಹುಟ್ಟಿಸುವ ಎರಡು ಮಡಿಕೆಗಳು ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸು ಉದ್ದ. ಪಿಯಾನೊ ಮನೆಗಳ ಮಧ್ಯದ ಎ ಸ್ವರ ಹಾಡಿದರೆ ಅವು ಸೆಕೆಂಡಿಗೆ 440 ಸಲ ಕೂಡಿ ಬೇರಾಗುತ್ತವೆ. ಮೇಲಿನ ಸಿ ಅಂದರೆ ಸಾವಿರ ದಾಟುತ್ತದೆ. ದೊಡ್ಡ ಆರ್ಕೆಸ್ಟ್ರಾ ಮೇಲೆ ದನಿ ಕೇಳಿಸುವ ಏರಿಯಾಗಳನ್ನು ಈಗ ಹಾಡಿದರೆ, ಆ ದನಿಯನ್ನು ತಳ್ಳಿ ತರಬೇಕಾಗುತ್ತದೆ. ತಳ್ಳುವುದು ರೂಢಿಯಾದರೆ ಬಿಡಿಸುವುದು ಬಲು ಕಷ್ಟ. ಎಷ್ಟೋ ಹಾಡುಗಾರರ ದನಿ ಪೂರ್ತಿ ಅರಳುವುದು ಇಪ್ಪತ್ತರ ಕೊನೆಯಲ್ಲಿ, ಮೂವತ್ತರಲ್ಲಿ. ನಿಮ್ಮ ಗುರುಗಳು ನಿಮ್ಮ ಮೂವತ್ತನೇ ವಯಸ್ಸನ್ನು ಕಾಯುತ್ತಿದ್ದಾರೆ.

ಈ ಹೊತ್ತಿನಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಇಟಾಲಿಯನ್, ಜರ್ಮನ್, ಫ್ರೆಂಚ್ ಉಚ್ಚಾರ. ಹಾಡುವ ಮೊದಲು ಸಾಹಿತ್ಯವನ್ನು ಬರೀ ಮಾತಿನ ಹಾಗೆ, ಅರ್ಥ ಹಿಡಿದು ಓದುವುದು. ರಿಹರ್ಸಲ್‌ನಲ್ಲಿ ಇಡೀ ದಿನ ಪೂರ್ತಿ ದನಿ ಬಿಡದೆ, ಹಗುರವಾಗಿ ಗುರುತು ಹಾಕಿಕೊಂಡು ಹಾಡುವುದು. ಇದಕ್ಕೆ ಮಾರ್ಕಿಂಗ್ ಅನ್ನುತ್ತಾರೆ. ಇದನ್ನು ಬೇಗ ಕಲಿತವರ ದನಿ ಉಳಿಯುತ್ತದೆ. ನೀರು ದಿನವಿಡೀ ಕುಡಿಯಿರಿ. ಕುಡಿದ ನೀರು ಆ ಮಡಿಕೆಗಳ ಮೇಲೆ ಬೀಳುವುದಿಲ್ಲ, ಮೈಯೊಳಗೆ ಸೇರಿ ನಿಧಾನಕ್ಕೆ ಅಲ್ಲಿಗೆ ತಲುಪುತ್ತದೆ. ವೇದಿಕೆ ಹತ್ತುವ ಮುಂಚೆ ಒಂದು ಲೋಟ ಕುಡಿದರೆ ಸಾಲದು. ಗೊರಗೊರ ದನಿ ಎರಡು ಮೂರು ವಾರಕ್ಕೂ ಹೋಗದಿದ್ದರೆ ಗಂಟಲಿನ ವೈದ್ಯರ ಹತ್ತಿರ ಹೋಗಿ ಒಳಗೆ ನೋಡಿಸಿ. ಹಾಡಿ ಹಾಡಿ ಸರಿ ಮಾಡುತ್ತೇನೆ ಅನ್ನಬೇಡಿ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಟ್ರಂಪೆಟ್‌ಗಳ ಮುಂದೆ ಕೂರುತ್ತೇನೆ. ರಿಹರ್ಸಲ್ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಎಡಗೈ ಕಿರುಬೆರಳೂ ಈಚೆಗೆ ಜೋಮು ಹಿಡಿಯುತ್ತದೆ. ಪರೀಕ್ಷೆ ಹತ್ತಿರ ಇದೆ, ತಡೆದುಕೊಂಡು ನುಡಿಸಬಹುದಾ?
— ವಿಯೋಲ ವಿದ್ಯಾರ್ಥಿ

ಉತ್ತರ: ಬೇಡ. ಎರಡನ್ನೂ ಈ ವಾರವೇ ತೋರಿಸಿ.

ಕೆಲಸದ ಜಾಗದ ಶಬ್ದಕ್ಕೆ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹಾಕಿರುವ ಮಿತಿ ಹೀಗಿದೆ: 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದು ನಿಮಿಷ. ಟ್ರಂಪೆಟ್ ಎದುರು ನೂರು ಮುಟ್ಟುವುದು ಕಷ್ಟವೇನಲ್ಲ. ಸಂಗೀತಗಾರರಿಗೆ ಅಂತಲೇ ಮಾಡಿದ ಇಯರ್‌ಪ್ಲಗ್ ಇವೆ. ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತವೆ, ದನಿ ಮಂಕಾಗುವುದಿಲ್ಲ. ಮೊದಲ ಎರಡು ವಾರ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ. ನಮಗೆ ಕಿವಿ ಬಿಟ್ಟು ಇನ್ನೇನಿದೆ?

ಕೈಯ ವಿಷಯ. ಪಿಯಾನೊ ವಾದಕ ಲಿಯಾನ್ ಫ್ಲೈಶರ್ 1960ರ ದಶಕದಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ, ಬಲಗೈ ಬೆರಳುಗಳ ಮೇಲಿನ ಹಿಡಿತ ಕಳೆದುಕೊಂಡರು. ಕಿರುಬೆರಳು, ಉಂಗುರದ ಬೆರಳು ತಾವಾಗಿ ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಫೋಕಲ್ ಡಿಸ್ಟೋನಿಯ ಅನ್ನುವ ತೊಂದರೆ. ಎರಡು ಕೈಯಲ್ಲಿ ಮತ್ತೆ ನುಡಿಸಲು ಮೂವತ್ತು ವರ್ಷದಷ್ಟು ಕಾಯಬೇಕಾಯಿತು. ನಡುವೆ ಎಡಗೈ ಕೃತಿಗಳನ್ನು ನುಡಿಸಿದರು, ಕಲಿಸಿದರು. ನಿಮ್ಮದು ಹಾಗೆಯೇ ಅಂತ ಹೆದರಿಸುತ್ತಿಲ್ಲ. ಜೋಮಿಗೆ ಕಾರಣ ಭುಜದ ಕೂರಿಕೆಯೋ, ಮೊಣಕೈ ಹತ್ತಿರ ನರ ಒತ್ತುವುದೋ ಇರಬಹುದು. ಬೇಗ ನೋಡಿದರೆ ಸಣ್ಣದರಲ್ಲೇ ಮುಗಿಯುತ್ತದೆ. ಪರೀಕ್ಷೆ ಮುಂದೂಡಲು ವೈದ್ಯರ ಚೀಟಿ ಕೊಟ್ಟು ಕೇಳಿ.

ಪ್ರಶ್ನೆ: ಮಗಳು ಕೊಳಲು ವಿಭಾಗದಲ್ಲೇ ಓದುತ್ತೇನೆ ಅನ್ನುತ್ತಾಳೆ. ನಾವು ಸಂಗೀತದವರಲ್ಲ. ಓದಿದ ಮೇಲೆ ಕೆಲಸ ಸಿಗುತ್ತದಾ? ನೇರವಾಗಿ ಹೇಳಿ.
— ಒಬ್ಬ ತಂದೆ

ಉತ್ತರ: ನೇರವಾಗಿಯೇ ಹೇಳುತ್ತೇನೆ. ಒಂದು ಒಳ್ಳೆಯ ಆರ್ಕೆಸ್ಟ್ರಾದಲ್ಲಿ ಕೊಳಲಿನವರ ಕುರ್ಚಿ ಮೂರೋ ನಾಲ್ಕೋ. ಅಲ್ಲಿ ಕೂತವರು ದಶಕಗಟ್ಟಲೆ ಏಳುವುದಿಲ್ಲ. ಒಂದು ಖಾಲಿಯಾದರೆ ಬರುವವರು ಬಹಳ. ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರಿಗೂ ತೀರ್ಪು ಕೊಡುವವರಿಗೂ ನಡುವೆ ಪರದೆ ಕಟ್ಟುತ್ತಾರೆ. ಹೆಜ್ಜೆ ಸಪ್ಪಳದಲ್ಲಿ ಗಂಡೋ ಹೆಣ್ಣೋ ಅಂತ ತಿಳಿಯಬಾರದು ಅಂತ ಜಮಖಾನ ಹಾಸುವುದೂ ಇದೆ. ಆಮೇಲೆ ದನಿ ಒಂದೇ ಮಾತಾಡಬೇಕು. ಕೊಳಲಿನವರಿಗೆ ಅಲ್ಲಿ ಮತ್ತೆ ಮತ್ತೆ ಕೇಳುವ ಒಂದು ತುಣುಕಿದೆ. 1894ರಲ್ಲಿ ಮೊದಲು ಕೇಳಿಸಿದ ಡೆಬ್ಯುಸಿಯ ‘ಫಾನ್’ ಪ್ರೆಲ್ಯೂಡ್‌ನ ಶುರು. ಅದು ಸಿ ಶಾರ್ಪ್‌ನಿಂದ ಮೆಲ್ಲಗೆ ಎದ್ದೇಳುತ್ತದೆ. ಕೊಳಲಿನಲ್ಲಿ ಆ ಸ್ವರಕ್ಕೆ ಬೆರಳು ಹೆಚ್ಚುಕಮ್ಮಿ ಎಲ್ಲವೂ ಮೇಲಿರುತ್ತವೆ. ಹಾಗಾಗಿ ದನಿ ತೆಳ್ಳಗಾಗುತ್ತದೆ, ಶ್ರುತಿ ಜಾರುತ್ತದೆ. ಆ ಒಂದು ಸ್ವರಕ್ಕೆ ನಿಮ್ಮ ಮಗಳು ವರ್ಷಗಳನ್ನು ಕೊಡಬೇಕಾಗುತ್ತದೆ.

ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಇವತ್ತಿಗೂ ಸಂಗೀತದಲ್ಲೇ ಇದ್ದಾರೆ. ಆದರೆ ಒಂದೇ ಕೆಲಸದಿಂದ ಬದುಕುವವರು ಕಮ್ಮಿ. ವಾರದಲ್ಲಿ ಮೂರು ದಿನ ಕಲಿಸುತ್ತಾರೆ, ಸಣ್ಣ ಗುಂಪಿನಲ್ಲಿ ನುಡಿಸುತ್ತಾರೆ, ರೆಕಾರ್ಡಿಂಗ್ ಮಾಡುತ್ತಾರೆ, ಸ್ವರಲಿಪಿ ಬರೆದುಕೊಡುತ್ತಾರೆ. ಓದುವಾಗಲೇ ಇದಕ್ಕೆ ಸಿದ್ಧವಾದವರು ಸುಖವಾಗಿದ್ದಾರೆ. “ನಾನು ಸೋಲೊ ಕಲಾವಿದೆ ಮಾತ್ರ” ಅಂದುಕೊಂಡು ಹೊರಬಂದವರು ಬಹಳ ನೊಂದರು.

ಹಾಗಾಗಿ ಮಗಳಿಗೆ ಬೇಡ ಅನ್ನುವ ಬದಲು ಎರಡು ಮಾತು ಕೇಳಿ. ಬೋಧನೆಯ ಕೋರ್ಸನ್ನೂ ಜೊತೆಗೆ ತಗೋತೀಯಾ? ಯಾರೂ ಹೇಳದಿದ್ದರೂ ದಿನಾ ಕೊಳಲು ಎತ್ತಿಕೋತೀಯಾ? ಎರಡನೆಯದರ ಉತ್ತರ ನಿಮಗೆ ಮನೆಯಲ್ಲೇ ಗೊತ್ತಿರುತ್ತದೆ, ನೀವು ಅವಳ ಜೊತೆ ಇದ್ದೀರಿ. ಅದು ‘ಹೌದು’ ಆದರೆ ಕಳಿಸಿ.

ಪ್ರಶ್ನೆ: ಕೊನೆ ವರ್ಷದ ರಿಸೈಟಲ್ (ಪದವಿಯ ಕಚೇರಿ), ಒಂದು ಗಂಟೆ, ಹಾಳೆ ನೋಡದೆ ನುಡಿಸಬೇಕು. ಹೋದ ತಿಂಗಳು ತರಗತಿಯಲ್ಲಿ ನುಡಿಸುವಾಗ ನಡುವೆ ಪೂರ್ತಿ ಮರೆತುಹೋಯಿತು. ಅವತ್ತಿನಿಂದ ವೇದಿಕೆ ಅಂದರೆ ಕೈ ನಡುಗುತ್ತದೆ.
— ಹೆಸರು ಬೇಡ ಅಂದಿದ್ದಾರೆ

ಉತ್ತರ: ನನಗೆ ಇದು ಪದವಿ ಪರೀಕ್ಷೆಯಲ್ಲೇ ಆಯಿತು. ಬಾಕ್ 1720ರಲ್ಲಿ ಕೈಯಾರೆ ಬರೆದಿಟ್ಟ ಒಂಟಿ ಪಿಟೀಲಿನ ಆರು ಕೃತಿಗಳಲ್ಲಿ ಮೊದಲನೆಯದು, ಜಿ ಮೈನರ್ ಸೊನಾಟ. ಅದರ ಫ್ಯೂಗ್‌ನಲ್ಲಿ ಒಂದೇ ಸಣ್ಣ ಎಳೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಬೇರೆ ಬಾಗಿಲಿಂದ ಹೊರಗೆ ಹೋಗುತ್ತದೆ. ನಾನು ತಪ್ಪು ಬಾಗಿಲಿಂದ ಹೋದೆ. ಎರಡು ಪುಟ ಹಿಂದಿನ ಜಾಗಕ್ಕೆ ಬಂದು ನಿಂತಿದ್ದೆ. ಮತ್ತೆ ಅಲ್ಲಿಂದ ನುಡಿಸಿಕೊಂಡು ಬಂದೆ, ಅದೇ ತಿರುವಿನಲ್ಲಿ ಮತ್ತೆ ಅದೇ ತಪ್ಪು. ಮೂರನೇ ಸಲ ಕಮಾನು ನಿಂತಿತು. ಸಭಾಂಗಣದ ಗಡಿಯಾರದ ಸದ್ದು ಕೇಳುತ್ತಿತ್ತು. ಆಮೇಲೆ ಕೊನೆಯ ಕೆಲವು ಬಾರ್ ಹೇಗೋ ಕೈಗೆ ಬಂದವು, ಅಲ್ಲಿಗೆ ಹಾರಿ ಮುಗಿಸಿದೆ.

ಪಾಸಾದೆ. ಆದರೆ ಏಕೆ ಹಾಗಾಯಿತು ಅಂತ ತಿಳಿಯಲು ಒಂದು ವರ್ಷ ಬೇಕಾಯಿತು. ನಾನು ಬೆರಳಿಗೆ ಮಾತ್ರ ಕಲಿಸಿದ್ದೆ. ಬೆರಳಿನ ನೆನಪು ಸರಪಳಿ ಇದ್ದ ಹಾಗೆ, ಹಿಂದಿನ ಕೊಂಡಿ ಮುಂದಿನದನ್ನು ಎಳೆಯುತ್ತದೆ. ಒಂದು ಕಡಿದರೆ ಮುಗಿಯಿತು. ಹೆದರಿಕೆ ಮೊದಲು ಕಡಿಯುವುದು ಅದನ್ನೇ.

ಈಗ ನಾನೂ ನನ್ನ ವಿದ್ಯಾರ್ಥಿಗಳೂ ಮಾಡುವುದು ಇದು. ಕೃತಿಯಲ್ಲಿ ಎಂಟೋ ಹತ್ತೋ ನಿಲ್ದಾಣ ಗುರುತಿಸುತ್ತೇವೆ. ಪ್ರತಿಯೊಂದರಲ್ಲೂ ಯಾವ ಹಾರ್ಮನಿ, ಯಾವ ಬೆರಳು, ಹಿಂದೆ ಏನಿತ್ತು, ಮುಂದೆ ಏನು ಬರುತ್ತದೆ ಅಂತ ಬಾಯಲ್ಲಿ ಹೇಳಲು ಬರಬೇಕು. ಬೇರೆಯವರು “ಆರು” ಅಂದರೆ ಆರನೇ ನಿಲ್ದಾಣದಿಂದ ಶುರು ಮಾಡಬೇಕು. “ಮೂರು” ಅಂದರೆ ಮೂರರಿಂದ. ಕಲಿಯುವಾಗ ಕೊನೆಯ ನಿಲ್ದಾಣದಿಂದ ಹಿಂದಕ್ಕೆ ಬರುತ್ತೇವೆ, ಆಗ ನುಡಿಸುತ್ತಾ ಹೋದ ಹಾಗೆ ಗೊತ್ತಿರುವ ಊರಿಗೇ ಹೋಗುತ್ತಿರುತ್ತೇವೆ. ಒಂದು ರಾತ್ರಿ ವಾದ್ಯವಿಲ್ಲದೆ, ದೀಪ ಆರಿಸಿ, ಇಡೀ ಕೃತಿಯನ್ನು ತಲೆಯೊಳಗೆ ಮೊದಲಿಂದ ಕೊನೆವರೆಗೆ ಕೇಳಿಕೊಳ್ಳಿ. ಎಲ್ಲಿ ಮಂಕಾಗುತ್ತದೋ ಅಲ್ಲೇ ವೇದಿಕೆಯ ಮೇಲೂ ಕೈ ಕೊಡುತ್ತದೆ. ಮರುದಿನದ ಅಭ್ಯಾಸ ಅಲ್ಲಿಂದ ಶುರು ಮಾಡಿ.

ಕೈ ನಡುಗುವುದಕ್ಕೆ ಮದ್ದು ಜನರೇ. ರಿಸೈಟಲ್‌ಗೆ ಮೊದಲು ಕನಿಷ್ಠ ಐದು ಸಲ, ಇಬ್ಬರಾದರೂ ಕೂತಿರುವ ಕಡೆ, ಅವತ್ತಿನ ಬಟ್ಟೆ ಚಪ್ಪಲಿಯಲ್ಲೇ ಪೂರ್ತಿ ನುಡಿಸಿ. ಮೊದಲ ಸಲ ನಡುಗುತ್ತದೆ. ಐದನೇ ಸಲವೂ ನಡುಗಬಹುದು, ಆದರೆ ನಡುಗುವ ಕೈಯಲ್ಲೂ ನುಡಿಸಲು ಬರುತ್ತದೆ ಅಂತ ಕೈಗೇ ಗೊತ್ತಾಗಿರುತ್ತದೆ. ಇಷ್ಟಾದರೂ ಆಗದಿದ್ದರೆ ಹಾಳೆ ಇಟ್ಟುಕೊಂಡು ನುಡಿಸಲು ಅನುಮತಿ ಕೇಳಿ. ನೋಡದೆ ನುಡಿಸಲೇಬೇಕು ಅನ್ನುವ ರೂಢಿ 19ನೇ ಶತಮಾನದಲ್ಲಿ, ಕ್ಲಾರಾ ಶೂಮನ್, ಲಿಸ್ಟ್ ಅವರ ಕಾಲದಲ್ಲಿ ಬೇರೂರಿದ್ದು. ಅದಕ್ಕೂ ಮೊದಲು ಎಷ್ಟೋ ದೊಡ್ಡವರು ಹಾಳೆ ನೋಡಿಯೇ ನುಡಿಸಿದ್ದಾರೆ.

ಪ್ರಶ್ನೆ: ರಿಸೈಟಲ್‌ಗೆ ಪಿಯಾನೊ ನುಡಿಸುವವರಿಗೆ ಹಾಳೆಗಳನ್ನು ಯಾವಾಗ ಕೊಡಬೇಕು?
— ಕ್ಲಾರಿನೆಟ್ ವಿದ್ಯಾರ್ಥಿನಿ

ಉತ್ತರ: ಆರು ವಾರ ಮೊದಲು. ಬಾರ್‌ಗಳಿಗೆ ನಂಬರ್ ಹಾಕಿ, ನೀವು ಉಸಿರು ತಗೊಳ್ಳುವ ಜಾಗ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಪುಟ ತಿರುವಲು ಬರುವ ಹಾಗೆ ಅಂಟಿಸಿ ಕೊಡಿ. ಅವರು ಒಂದೇ ತಿಂಗಳಲ್ಲಿ ಹತ್ತು ವಿದ್ಯಾರ್ಥಿಗಳಿಗೆ ನುಡಿಸುತ್ತಿರಬಹುದು. ಮೊದಲ ರಿಹರ್ಸಲ್‌ಗೆ ಹೋಗುವ ಮುಂಚೆ ಅವರ ಭಾಗವನ್ನು ನೀವೂ ಓದಿಕೊಂಡು ಹೋಗಿ. ಎಡಗೈಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿದಿರಲಿ. ಶುರು ಮಾಡುವಾಗ ತಲೆ ಆಡಿಸಬೇಡಿ, ಯಾವ ವೇಗ ಬೇಕೋ ಆ ವೇಗದಲ್ಲಿ ಉಸಿರು ಎಳೆದುಕೊಳ್ಳಿ. ಅವರಿಗೆ ಅಷ್ಟು ಸಾಕು.